ಭೋಜರಾಜನ ಹನ್ನೆರಡು ಕಿಲೋಮೀಟರ್

ಭೋಜರಾಜನಿಗೆ ನಡೆಯುವುದೆಂದರೆ ಆಗದು, ನಡೆಸುವುದೆಂದರೆ ಪ್ರಾಣ. ರಾಜ್ಯೋತ್ಸವ ನಡೆಸಿದ್ದಾನೆ, ಯಾರ್ಯಾರದೋ ಮದುವೆ ನಡೆಸಿದ್ದಾನೆ, ಚೆನ್ನೈ ಅಡ್ಯಾರಿನ ಕನ್ನಡ ಬಳಗದ ಸಭೆಗಳನ್ನಂತೂ ಜನ ಬೇಡವೆಂದರೂ ನಡೆಸಿದ್ದಾನೆ. ಹೀಗಾಗಿ ನಡೆಯುವ-ಓಡುವ ಸವಾಲು ಅಂತ ಒಂದು ಬಂದಾಗ ಅದೂ ಅವನ ಕೊರಳಿಗೇ ಬಿತ್ತು. ಹತ್ತು ಜನರ ತಂಡ ಒಂದು ತಿಂಗಳಲ್ಲಿ ಸಾವಿರ ಕಿಲೋಮೀಟರ್ ಮುಗಿಸಿದರೆ, ಅಂಬತ್ತೂರಿನಲ್ಲಿ ಫ್ಯಾಕ್ಟರಿ ಇಟ್ಟಿರುವ ಮಧುಸೂದನ್ ಹತ್ತು ಮಕ್ಕಳಿಗೆ ಗಾಲಿಕುರ್ಚಿ ಕೊಡಿಸುತ್ತಾರೆ. ನಡೆದ ಲೆಕ್ಕವೆಲ್ಲ ಫೋನಿನ ಆ್ಯಪಿನದು. ಷರತ್ತು ಒಂದೇ: ತಂಡದ ಪ್ರತಿಯೊಬ್ಬರ ಹೆಸರಿನಲ್ಲೂ ಕಡೇಪಕ್ಷ ಹನ್ನೆರಡು ಕಿಲೋಮೀಟರ್ ಇರಬೇಕು.

ಕೊನೆಯ ದಿನ, ಭಾನುವಾರ ಬೆಳಿಗ್ಗೆ, ಮಗಳು ಹರ್ಷಿಣಿ ಕಾಫಿ ಲೋಟದ ಪಕ್ಕ ಅವನ ಫೋನು ಇಟ್ಟಳು.

“ಅಪ್ಪಾ, ಟೀಮ್ ಟೋಟಲ್ ಸಾವಿರದ ನಲವತ್ತು. ಸೂಪರ್. ಆನಾ ಉಂಗ ಪೇರ್‌ಲ ಝೀರೋ.”

“ನನ್ನ ಹೆಸರಲ್ಲಿ ಸೊನ್ನೇನಾ? ದಿನಾ ಬೆಳಿಗ್ಗೆ ಐದಕ್ಕೆ ಎಲ್ರಿಗೂ ‘ಎದ್ದೇಳಿ, ನಡೀರಿ’ ಅಂತ ಮೆಸೇಜ್ ಹಾಕಿದ್ಯಾರು?”

“ಫ್ರಮ್ ಬೆಡ್, ಅಪ್ಪಾ.”

ಸಂಜೆ ಆರಕ್ಕೆ ಅಡ್ಯಾರಿನ ಪಾರ್ಕಿನಲ್ಲಿ ಸಮಾರಂಭ. ಆ ಮಕ್ಕಳೂ ಬರುತ್ತವೆ. ತನ್ನೊಬ್ಬನ ಸೋಮಾರಿತನದಿಂದ ಹತ್ತು ಕುರ್ಚಿ ತಪ್ಪಿದರೆ ಯಾವ ಮುಖ ಹೊತ್ತುಕೊಂಡು ಅವರ ಮುಂದೆ ನಿಲ್ಲುವುದು? ಭೋಜರಾಜನಿಗೆ ನಿಜಕ್ಕೂ ಹೊಟ್ಟೆಯಲ್ಲಿ ಸಂಕಟವಾಯಿತು. ಹೊಟ್ಟೆಯ ವಿಚಾರ ಬಂದದ್ದೇ ಹೋಟೆಲ್ ನೆನಪಾಯಿತು. ವಡಪಳನಿಯ ಕಿಟ್ಟಣ್ಣನ ಹೋಟೆಲಿನಲ್ಲಿ ಶೀನ ಎಂಬ ಸಪ್ಲೈಯರ್ ಇದ್ದಾನಲ್ಲ, ಭಾನುವಾರ ಒಂದು ನಿಮಿಷ ಕೂರದವನು! ಫೋನು ಅವನ ಜೇಬಿನಲ್ಲಿದ್ದರೆ ಮಧ್ಯಾಹ್ನದೊಳಗೆ ಹನ್ನೆರಡೇನು, ಹದಿನೈದೂ ಆದೀತು.

ತಂಡದ ಹಳದಿ ಟೀ-ಶರ್ಟ್ ತೊಟ್ಟು, ಫೋನಿನಲ್ಲೇ ಆಟೋ ಕರೆಸಿ, ಫೋನಿನಲ್ಲೇ ಬಾಡಿಗೆ ಕೊಟ್ಟು, ಹತ್ತು ಗಂಟೆಗೆ ಆ ಫೋನನ್ನು ಶೀನನ ಜೇಬಿಗಿಳಿಸಿದ.

“ಎಂತ ಮಾಡ್ಬೇಕು ಮಾರಾಯ್ರೆ?”

“ಏನೂ ಮಾಡ್ಬೇಡ. ಓಡಾಡ್ತಿರು.”

ಭೋಜರಾಜ ಮಹಡಿಯ ಎ.ಸಿ. ಹಾಲಿನಲ್ಲಿ ಕೂತು, ಲೆಕ್ಕಕ್ಕೆ ಬರೆಸಿ, ನೀರು ದೋಸೆ ತಿಂದ. ತಿಂದು ಸಣ್ಣಗೆ ತೂಕಡಿಸಿದ. ಹನ್ನೊಂದೂವರೆಗೆ ಇಳಿದು ಬಂದರೆ ಶೀನನೇ ಇಲ್ಲ! ಕೋಡಂಬಾಕ್ಕಂ ಛತ್ರದಲ್ಲಿ ಬಡಿಸಲು ಕಿಟ್ಟಣ್ಣ ಅವನನ್ನು ವ್ಯಾನಿನಲ್ಲಿ ಹೊರಡಿಸಿಕೊಂಡು ಹೋಗಿದ್ದ. ಗಲ್ಲಾದಲ್ಲಿ ಯಾರೋ ಹೊಸಬ.

ಅವನ ಫೋನು ಬೇಡಿ ತೆಗೆದುಕೊಂಡ ಭೋಜರಾಜ ತಬ್ಬಿಬ್ಬಾದ. ಮಗಳ ನಂಬರು ಗೊತ್ತಿಲ್ಲ, ಕಿಟ್ಟಣ್ಣನದು ಗೊತ್ತಿಲ್ಲ. ಬಾಯಿಪಾಠವಿದ್ದದ್ದು ಜಗತ್ತಿನಲ್ಲಿ ಒಂದೇ ನಂಬರು, ತನ್ನದು. ಅದಕ್ಕೇ ಮಾಡಿದ. ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ. ಏಳು ಸಲ ಮಾಡಿದ. ಎಂಟನೆಯ ಸಲಕ್ಕೆ ಸ್ವಿಚ್ ಆಫ್. ಜೇಬು ತಡಕಿದರೆ ನೋಟಿನ ವಾಸನೆಯೂ ಇಲ್ಲ. ದುಡ್ಡಿಟ್ಟುಕೊಂಡು ತಿರುಗುವ ಅಭ್ಯಾಸ ತಪ್ಪಿ ಮೂರು ವರ್ಷವಾಗಿತ್ತು. ಕೋಡಂಬಾಕ್ಕಂ ಇಲ್ಲೇ ತಾನೇ ಎಂದು ಹೊರಟ.

ನೆತ್ತಿಯ ಮೇಲೆ ಚೆನ್ನೈ ಬಿಸಿಲು. ಅರ್ಧ ದಾರಿಯಲ್ಲಿ ಪಕ್ಕದ ಫ್ಲ್ಯಾಟಿನ ದಿನೇಶ್ ಸ್ಕೂಟರ್ ನಿಲ್ಲಿಸಿದ. ಭೋಜರಾಜನಿಗೆ ಹೋದ ಜೀವ ಬಂದಂತಾಯಿತು.

“ದಿನೇಶಾ, ದೇವರ ಹಾಗೆ ಬಂದೆ ಕಣಪ್ಪಾ!” ಎಂದು ಕಾಲೆತ್ತಿದ.

ದಿನೇಶ್ ಟೀ-ಶರ್ಟ್ ನೋಡಿ ಗಾಡಿ ಮುಂದಕ್ಕೆ ಎಳೆದುಕೊಂಡ. “ಅಯ್ಯಯ್ಯೋ, ಸಾರಿ ಅಂಕಲ್! ಚಾಲೆಂಜಲ್ಲಿ ಇದ್ದೀರಾ? ನಾನು ಕೂರಿಸ್ಕೊಂಡ್ರೆ ನಿಮ್ಮ ಕಿಲೋಮೀಟರ್ ಹಾಳಾಗತ್ತೆ. ಮಕ್ಕಳ ಶಾಪ ನನಗ್ಯಾಕೆ?”

“ಪರವಾಗಿಲ್ಲ ಕಣೋ...”

“ನಿಮ್ಮ ದೊಡ್ಡ ಮನಸ್ಸು ಅಂಕಲ್! ಬಿಡ್ಬೇಡಿ, ನಡೀರಿ!” ಎಂದು ಭರ್ರನೆ ಹೋದ. ಕೂತಲ್ಲೇ ಐಡಿಯಾ ಮಾಡಿದ ತನ್ನ ತಲೆಗೆ ಭೋಜರಾಜ ಎರಡು ಬಾರಿಸಿಕೊಂಡ.

ಛತ್ರದಲ್ಲಿ ಎಲೆ ಎತ್ತುತ್ತಿದ್ದರು. ಶೀನ ಕಿಟ್ಟಣ್ಣನ ಜೊತೆ ಉಳಿದ ಪಾಯಸ ಕೊಡಲು ಟಿ. ನಗರದ ಬೇಬಿ ಅಮ್ಮನ ಮನೆಗೆ ಹೋದನಂತೆ. ಅಡಿಗೆಯವನ ಫೋನಿನಿಂದ ಭೋಜರಾಜ ಮತ್ತೆ ತನಗೇ ಫೋನು ಮಾಡಿಕೊಂಡ. ಎಂಟನೆಯ ಸಲಕ್ಕೆ ಸ್ವಿಚ್ ಆಫ್.

ಟಿ. ನಗರ ತಲುಪುವಷ್ಟರಲ್ಲಿ ಎಡಗಾಲಿನ ಚಪ್ಪಲಿ ಕಚ್ಚತೊಡಗಿತ್ತು. ಬಳಗದ ಹಿರಿಯರಾದ ಬೇಬಿ ಅಮ್ಮ ಬಾಗಿಲಲ್ಲೇ ಕಣ್ಣೊರೆಸಿಕೊಂಡರು.

“ನಡೆದೇ ಬಂದ್ಯೇನೋ? ನಿನ್ನನ್ನ ಸೋಂಬೇರಿ ಅಂತ ಎಲ್ರ ಹತ್ರ ಹೇಳ್ತಿದ್ದೆ, ತಪ್ಪಾಯ್ತಪ್ಪಾ!”

“ಶೀನ ಎಲ್ಲಿ ಅಮ್ಮಾ?”

“ಆಗಲೇ ಪೋಯಾಚು, ಹೊರಟೋದ. ನಿಮ್ಮ ಪಾರ್ಕ್ ಫಂಕ್ಷನ್‌ಗೆ ಬೋಂಡಾ ಅವನದೇ ಅಲ್ವಾ?”

“ಅಮ್ಮಾ, ಒಂದು ಆಟೋಗೆ...”

“ಆಟೋ ಗೀಟೋ ಒಂದೂ ಬಿಡಲ್ಲ ನಾನು ನಿನ್ನ ಹತ್ರ! ಕೂರಕ್ಕೂ ಹೇಳಲ್ಲ. ಮಜ್ಜಿಗೆ ನಿಂತೇ ಕುಡಿ, ನಡಿ!”

ಸೈದಾಪೇಟೆ ದಾಟಿ, ಸೇತುವೆ ಹತ್ತಿ ಇಳಿದು, ಕುಂಟುತ್ತ, ತನ್ನನ್ನೇ ಬೈದುಕೊಳ್ಳುತ್ತ ಐದೂ ಮುಕ್ಕಾಲಿಗೆ ಭೋಜರಾಜ ಪಾರ್ಕಿನ ಗೇಟು ಹಿಡಿದು ನಿಂತ. ಮಕ್ಕಳು ಚಪ್ಪಾಳೆ ತಟ್ಟಿದವು. ಬೋಂಡಾ ಜೋಡಿಸುತ್ತಿದ್ದ ಶೀನ ಓಡಿ ಬಂದು ಫೋನು ಕೊಟ್ಟ.

ಹರ್ಷಿಣಿ ಆನ್ ಮಾಡಿ ನೋಡಿದಳು. “ಅಪ್ಪಾ... ನಾನೂರು ಮೀಟರ್ ದಾನ್, ಅಷ್ಟೇ.”

“ನಾನೂರಾ? ಏನೋ ಶೀನ, ಬೆಳಗ್ಗಿಂದ ನೀನು ನಡೀಲೇ ಇಲ್ವೇನೋ?”

“ನಡೀದೆ ಎಂತ ಮಾರಾಯ್ರೆ! ನೀವು ಮಹಡಿ ಹತ್ತಿದ್ದೇ ನನ್ನ ವ್ಯಾನ್ ಹತ್ತಿಸಿ, ಛತ್ರದಲ್ಲಿ ತೆಂಗಿನಕಾಯಿ ತುರೀಲಿಕ್ಕೆ ಕೂರ್ಸಿದ್ರು. ಎದ್ದು ಬಡಿಸ್ಲಿಕ್ಕೆ ಸುರು ಮಾಡ್ಬೇಕು, ಯಾವನೋ ಒಬ್ಬ ಕಾಲ್ ಮಾಡಿದ ಮೇಲೆ ಕಾಲ್! ಸಾಂಬಾರ್ ಬಕೆಟ್ ಹಿಡ್ಕೊಂಡು ಎತ್ತುದು ಹ್ಯಾಂಗೆ? ಕಿಟ್ಟಣ್ಣ ಬೈದ್ರು. ಬಂದ್ ಮಾಡಿ ಇಟ್ಟೆ. ಅವ ಯಾವ ಪಿಶಾಚಿಯೋ ಏನೋ!”

ಆ ಪಿಶಾಚಿ ಯಾರೆಂದು ಭೋಜರಾಜ ಹೇಳಲಿಲ್ಲ. ಮಧುಸೂದನ್ ಎದುರು ಕೈ ಮುಗಿದು, ಫೋನು ಕೊಟ್ಟದ್ದರಿಂದ ಹಿಡಿದು ಎಲ್ಲ ಒಪ್ಪಿಕೊಂಡ. “ಮೋಸ ಮಾಡೋಕೆ ಹೋದದ್ದು ನಿಜ ಸಾರ್. ಆದ್ರೆ ವಡಪಳನಿಯಿಂದ ಇಲ್ಲೀತನಕ ಸರಿಯಾಗಿ ಹನ್ನೆರಡು ಕಿಲೋಮೀಟರ್ ನಡೆದೇ ಬಂದೆ. ನನ್ನ ಕಾಲಾಣೆ!”

ಮಧುಸೂದನ್ ಅವನ ಪಾದದ ಬೊಬ್ಬೆ ನೋಡಿದರು. “ನಾನು ನಂಬ್ತೀನಿ ಭೋಜರಾಜ್. ಆದ್ರೆ ಪಾಸ್ ಮಾಡೋದು ನಮ್ಮ ಆಫೀಸು. ಅವರಿಗೆ ಆ್ಯಪ್ ಒಂದೇ ಸಾಕ್ಷಿ.”

ಭೋಜರಾಜನ ಕಣ್ಣು ತುಂಬಿ ಬಂತು. ಮುಂದಿನ ಸಾಲಿನಲ್ಲಿ ಆ ಹತ್ತು ಮಕ್ಕಳಲ್ಲೊಬ್ಬಳು, ಅಮ್ಮನ ತೊಡೆಯ ಮೇಲೆ ಕೂತಿದ್ದ ಪುಟ್ಟ ಶ್ರೀಯಾ, ಅವನಿಗೆ ಕೈ ಬೀಸುತ್ತಿದ್ದಳು.

“ಅಳ್ತೀರಾ ಯಾಕೆ? ಗುಡ್ ನ್ಯೂಸ್ ಇದೆ,” ಮಧುಸೂದನ್ ಬೆನ್ನು ತಟ್ಟಿದರು. “ಆ್ಯಪಿನ ದಿನ ಮುಗಿಯೋದು ರಾತ್ರಿ ಹನ್ನೆರಡಕ್ಕೆ. ಇನ್ನೂ ಆರು ಗಂಟೆ ಟೈಮ್ ಇದೆ! ಇಲ್ಲಿಂದ ವಡಪಳನಿ ಸರಿಯಾಗಿ ಹನ್ನೆರಡು ಕಿಲೋಮೀಟರ್ ಅಂದ್ರಲ್ಲ, ಅಲ್ಲಿಗೆ ಹೋಗ್ಬಿಡಿ. ವಾಪಸ್ ಬರೋಕೆ ನನ್ನ ಕಾರು ಕಳಿಸ್ತೀನಿ.”

ಭೋಜರಾಜ ಬೋಂಡಾ ನೋಡಿದ, ಖಾಲಿ ಕುರ್ಚಿ ನೋಡಿದ, ಕೊನೆಗೆ ಶ್ರೀಯಾಳನ್ನು ನೋಡಿದ. ಹರ್ಷಿಣಿ ಫೋನನ್ನು ಅವನ ಜೇಬಿಗೆ ಹಾಕಿ ಮೇಲೊಂದು ಪಿನ್ನು ಚುಚ್ಚಿದಳು. ಅವನು ಕುಂಟುತ್ತ ಗೇಟು ದಾಟಿದ. ಸ್ವಲ್ಪ ದೂರ ಹೋದದ್ದೇ ಜೇಬಿನೊಳಗಿಂದ ಫೋನು ಟಿಂಗ್ ಎಂದು, ಅಭಿನಂದನೆ, ಇದು ನಿಮ್ಮ ಮೊದಲ ಅರ್ಧ ಕಿಲೋಮೀಟರ್ ಎಂದಿತು.