ದಪ್ಪಗಾದ ಕೋಲುಜೇನು

ಮಗಳು ಗೀತಾ ಆಸ್ಪತ್ರೆಯಿಂದ ಕೂಸನ್ನೆತ್ತಿಕೊಂಡು ಆ ಮಧ್ಯಾಹ್ನ ನಮ್ಮ ಮನೆಗೆ ಬರುವವಳಿದ್ದಳು. ನನ್ನ ಮೊದಲ ಮೊಮ್ಮಗಳು! ಘೋಡಬಂದರ್ ರಸ್ತೆಯ ನಮ್ಮ ಎರಡನೇ ಮಹಡಿಯ ಮನೆಯಲ್ಲಿ ತೊಟ್ಟಿಲು ಕಟ್ಟಿಯಾಗಿತ್ತು. ಒಂದೇ ತಕರಾರು: ತೊಟ್ಟಿಲಿನೆದುರಿನ ಕಿಟಕಿಯ ಮೇಲೆ ಬಿಸಿಲು-ಮಳೆಗೆ ಚಾಚಿದ ಛಜ್ಜಾಕ್ಕೆ ಮೊರದಗಲದ ಜೇನು ಜೋತುಬಿದ್ದಿತ್ತು.

"ಸೊಸೈಟಿಯವರು ನಾಳೆ ಜೇನ ಬಿಡಿಸಾಂವನ್ನ ಕರಸ್ತಾರಂತ. ಕಿಟಕಿ ತೆಗೀಬ್ಯಾಡ" ಎಂದರು ನಮ್ಮ ಮನೆಯವರು.

ನಾಳೆ! ಕೂಸು ಬರುವುದು ಇಂದು! ಅದಕ್ಕೆ ಕಚ್ಚಿದರೆ?

ನಾನು ಶಾಲೆ ಕಲಿತದ್ದು ಮೂರನೇ ಇಯತ್ತೆ. ಆದರೆ ಜೇನಿನ ವಿಷಯದಲ್ಲಿ ವಿಜಯಪುರದ ಜಾಲಿಕಂಟಿಯಲ್ಲೇ ಪದವಿ ಪಡೆದವಳು! ಅಲ್ಲಿದ್ದದ್ದು ಅಂಗೈಯಗಲದ ಕೋಲುಜೇನು. ಉಫ್ ಎಂದು ಊದಿದರೆ ಹುಳಗಳು ಸರಿದು ದಾರಿ ಬಿಡುತ್ತಿದ್ದವು. ಇದೂ ಅದೇ ಎಂದೆ ಮನೆಯವರಿಗೆ.

"ಇದು ಕೋಲುಜೇನ ಅಲ್ಲ, ಗಾತ್ರರ ನೋಡು."

"ಊರಾಗ ನಾ ಹೆಂಗಿದ್ದೆ? ಕಡ್ಡಿ! ಈಗ ಹೆಂಗದೀನಿ? ಇಲ್ಲಿಗೆ ಬಂದ್ರ ಎಲ್ಲಾರೂ ದಪ್ಪ ಆಗ್ತಾರ. ಜೇನ ಆಗಬಾರದೇನ್ರಿ?"

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಪೇಪರು ಬಿಡಿಸಿಕೊಂಡರು. ವಾದ ಗೆದ್ದೆ!

"ಆಜೀ, ಹಾತ್ ಲಾವೂ ನಕಾ! ಆಗ್ಯಾ ಮೋಹೋಳ್ ಆಹೆ!" ಪಕ್ಕದ ಮನೆಯ ಶಾಲಿನಿ ಕಿಟಕಿಯಿಂದ ಮರಾಠಿಯಲ್ಲಿ ಕೂಗಿದಳು. ಬೆಂಕಿಯಂಥ ಜೇನಂತೆ, ಮುಟ್ಟಬಾರದಂತೆ. ಪಾಪ, ಪೇಟೆಯಲ್ಲಿ ಹುಟ್ಟಿದವಳು, ಅವಳಿಗೇನು ಗೊತ್ತು!

ಹತ್ತು ಊದುಬತ್ತಿ ಕಸಬರಿಗೆಯ ತುದಿಗೆ ಕಟ್ಟಿ, ಸಕಲ ಗೌರವಗಳೊಂದಿಗೆ ಹೊಗೆ ಅರ್ಪಿಸಿದೆ. ಮೇಲೊಮ್ಮೆ ಊದಿದೆ.

ಹುಳಗಳು ಸರಿಯಲಿಲ್ಲ. ನಾನು ಸರಿದೆ!

ಕಿಟಕಿ ಮುಚ್ಚುವಷ್ಟರಲ್ಲಿ ಏಳೆಂಟು ಒಳಗೆ ನುಗ್ಗಿದ್ದವು. ಕೋಲುಜೇನು ಒಮ್ಮೆ ಗದರಿಸಿ ಬಿಟ್ಟುಬಿಡುತ್ತದೆ. ಇವು ಅಡುಗೆಮನೆ, ಹಾಲ್, ಬಚ್ಚಲು ಎನ್ನದೆ ಬೆನ್ನಟ್ಟಿ ಮುಖಕ್ಕೇ ಕಚ್ಚಿದವು! ಉಳಿದ ಸೈನ್ಯ ಹೊರಗೆ ಗುಂಯ್ ಎಂದು ಅಂಗಳಕ್ಕಿಳಿಯಿತು. ಅದೇ ಗಳಿಗೆಗೆ ಗೇಟಿನ ಹತ್ತಿರ ರಿಕ್ಷಾ! ಒಳಗೆ ನನ್ನ ಮೊಮ್ಮಗಳು!

ಬಕೇಟು ತಲೆಗೆ ಕವುಚಿಕೊಂಡು ಕಿರುಚಿದೆ: "ಫೋನ್ ಹಚ್ರೀ! ಇಳೀಬ್ಯಾಡ್ರಿ ಅನ್ರೀ!"

ಮನೆಯವರು ಫೋನ್ ಮಾಡಿದ್ದೇ ತಡ, ಅಳಿಯ ರಿಕ್ಷಾ ತಿರುಗಿಸಿ ನೌಪಾಡಾದ ತನ್ನ ಅಕ್ಕನ ಮನೆಗೆ ಹೊರಟುಹೋದ. ಕೂಸಿನ ಹತ್ತಿರ ಒಂದು ಹುಳವೂ ಸುಳಿಯಲಿಲ್ಲ. ಉಸ್ಸಪ್ಪಾ! ನನ್ನ ಮುಖ ಹೋದರೆ ಹೋಗಲಿ, ದೇವರು ದೊಡ್ಡವನು.

ಮರುದಿನ ಬಂದ ಜೇನು ಬಿಡಿಸುವವನು ರಾಯಚೂರಿನವನು, ನಮ್ಮ ಕಡೆಯವನೇ. ನನ್ನ ದಪ್ಪದ ಸಿದ್ಧಾಂತ ಕೇಳಿ ನಕ್ಕ. "ಯವ್ವಾ, ಇದು ಹುಟ್ಟಿದಾಗಿಂದ ಹೆಜ್ಜೇನ. ಹೊಗಿ ಕಂಡ್ರ ಬೆನ್ನ ಹತ್ತೋ ಜಾತಿ. ಇಲ್ಲಿ ದಪ್ಪ ಆಗಿದ್ದು ನಿನ್ನ ಮುಖ ಒಂದ!"

ಸಂಜೆ ಗೀತಾ ಬಂದಳು. ಮೊಮ್ಮಗಳು ನನ್ನ ತೊಡೆಯೇರಿದಳು. ಮೊದಲ ಫೋಟೋ! ಇಬ್ಬರದೂ ಕೆಂಪು ಮುಖ, ಇಬ್ಬರ ಕಣ್ಣೂ ಮುಚ್ಚಿವೆ, ಇಬ್ಬರಿಗೂ ಮುಂದಿನ ಹಲ್ಲಿಲ್ಲ.

"ಅವ್ವಾ, ಇದರಾಗ ಕೂಸು ಯಾವುದ?" ಎಂದು ನಕ್ಕಳು ಗೀತಾ.

ಮನೆಯವರು ಕನ್ನಡಕ ಏರಿಸಿ ನೋಡಿದರು. "ಬುದ್ಧಿ ಇದ್ದದ್ದು ಕೂಸು!"