ಕಣ್ಣಳತೆಯ ಕಂಪ್ಯೂಟರ್

ಕನ್ನಡಕದ ಅಂಗಡಿಯವನು ಊಟದ ಮೇಜಿನ ಮುಂದೆ ಎದ್ದು ನಿಂತ. ಹಣಕಾಸು ಮಂತ್ರಿಯ ಗತ್ತಿನಲ್ಲಿ ಗಂಟಲು ಸರಿಮಾಡಿಕೊಂಡ. ಆ ವರ್ಷದ ಬಜೆಟ್ ಮಂಡಿಸಿಯೇಬಿಟ್ಟ.

"ಈ ಮನೆಗೆ ಹೊಸ ಗೇಮಿಂಗ್ ಕಂಪ್ಯೂಟರ್ ಬರುತ್ತೆ! ಅಂಗಡಿಯವರು ಕಟ್ಟಿಟ್ಟಿದ್ದನ್ನ ಹೊತ್ಕೊಂಡು ಬರೋದಲ್ಲ. ಒಂದೊಂದು ಭಾಗವನ್ನೂ ನಾನೇ ಆರಿಸಿ, ನಾನೇ ಕೂರಿಸಿ, ನಾನೇ ಸ್ಕ್ರೂ ತಿರುಗಿಸಿ, ಅರ್ಧ ದುಡ್ಡಲ್ಲಿ ಕಟ್ತೀನಿ!"

ವಿರೋಧ ಪಕ್ಷದಲ್ಲಿ ಇದ್ದದ್ದು ಹೆಂಡತಿ ಒಬ್ಬಳೇ. ಒಬ್ಬಳೇ ಆದರೂ ಸಾಕಿತ್ತು. ಅವಳು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಬೇರೆಯವರ ತಪ್ಪು ಹುಡುಕುವುದಕ್ಕೆ ಅಲ್ಲಿ ಅವಳಿಗೆ ಸಂಬಳ ಕೊಡುತ್ತಿದ್ದರು. ಮನೆಯಲ್ಲಿ ಅದೇ ಕೆಲಸವನ್ನು ಅವಳು ಸೇವಾ ಮನೋಭಾವದಿಂದ ಮಾಡುತ್ತಿದ್ದಳು.

"ಭಾಗಗಳನ್ನ ಆರಿಸೋಕೆ ನಿಮಗೆ ಬರುತ್ತಾ?"

"ಏನು ಹಾಗಂದ್ರೆ? ಸಾಸಿವೆ ಕಾಳಿನಷ್ಟು ಸ್ಕ್ರೂಗಳನ್ನ ದಿನಾ ಬೆರಳ ತುದೀಲಿ ಕುಣಿಸೋನು ನಾನು! ನನ್ನ ಕಣ್ಣಳತೆ ಅಂದ್ರೆ ಏನೂಂತ ತಿಳಿದಿದ್ದೀಯಾ? ಮುಖ ನೋಡಿದ ತಕ್ಷಣ ಎಷ್ಟು ಅಗಲದ ಫ್ರೇಮು ಅಂತ ಹೇಳ್ತೀನಿ!"

"ಕಂಪ್ಯೂಟರ್‌ಗೆ ಮುಖ ಇರಲ್ಲ. ನಾನೂ ಜೊತೇಲಿ ಬರ್ತೀನಿ."

"ಬೇಡವೇ ಬೇಡ! ನೀನು ಬಂದ್ರೆ ಅಂಗಡಿ ಬೋರ್ಡಲ್ಲಿರೋ ಕಾಗುಣಿತ ತಿದ್ದಿ ಅವರ ಜೊತೆ ಜಗಳ ಆಡ್ತೀಯ. ಇದು ನನ್ನೊಬ್ಬನ ಕೆಲಸ."

ಇಷ್ಟೆಲ್ಲ ರಂಪಕ್ಕೆ ಕಾರಣ ಒಂದು ಆಟ. ಸಮುದ್ರದ ನಡುವೆ ಒಂದು ದ್ವೀಪ, ಅದರ ಮೇಲೊಂದು ಕೋಟೆ, ಅದಕ್ಕೆ ಮುತ್ತಿಗೆ ಹಾಕುವ ಕಡಲ್ಗಳ್ಳರು. ನಲವತ್ತು ದಾಟಿದ ಈ ಗಂಡಹೆಂಡಿರು ಎರಡು ವರ್ಷದಿಂದ ಆ ಕೋಟೆಯನ್ನು ಪಾಳಿಯ ಮೇಲೆ ಕಾಯುತ್ತಿದ್ದರು. ಮನೆಯಲ್ಲಿದ್ದದ್ದು ಒಂದೇ ಮುದಿ ಕಂಪ್ಯೂಟರ್. ಒಬ್ಬರು ಆಡುವಾಗ ಇನ್ನೊಬ್ಬರು ಹಿಂದೆ ನಿಂತು ಸಲಹೆ ಕೊಡುತ್ತಿದ್ದರು, ಆ ಸಲಹೆಗಳಿಂದ ಕಡಲ್ಗಳ್ಳರಿಗಿಂತ ಹೆಚ್ಚು ಹಾನಿಯಾಗುತ್ತಿತ್ತು. ಸಾಲದ್ದಕ್ಕೆ ಮುದಿ ಯಂತ್ರ ಒಂದು ಅಲೆ ತೋರಿಸಿ ಇನ್ನೊಂದು ಅಲೆ ತೋರಿಸುವಷ್ಟರಲ್ಲಿ ಹಗ್ಗದ ಮೇಲಿನ ಬಟ್ಟೆ ತೆಗೆದು ಮಡಚಿಟ್ಟು ಬರಬಹುದಿತ್ತು. ಎರಡು ಕಂಪ್ಯೂಟರ್ ಇದ್ದರೆ ಇಬ್ಬರೂ ಅಕ್ಕಪಕ್ಕ ಕೂತು ಒಟ್ಟಿಗೆ ಹೋರಾಡಬಹುದು. ಹೊಸದು ಕಟ್ಟಿದವನಿಗೆ, ಹಳೆಯದು ಹೆಂಡತಿಗೆ. ಈ ಹಂಚಿಕೆಯನ್ನು ಅವನು ಮನಸ್ಸಿನಲ್ಲೇ ಮಾಡಿಕೊಂಡು, ಮನಸ್ಸಿನಲ್ಲೇ ಬಹುಮತದಿಂದ ಅಂಗೀಕರಿಸಿದ್ದ.

ಬಿಡಿಭಾಗಗಳ ಅಂಗಡಿ ಎರಡು ಬೀದಿ ಆಚೆ. ಅದನ್ನು ನಡೆಸುವಾಕೆ ಮಾತಿನಲ್ಲಿ ಮಹಾ ಜಿಪುಣಿ. ಗಿರಾಕಿ ಹತ್ತು ಪ್ರಶ್ನೆ ಕೇಳಿದರೆ ಒಂದು ತಲೆಯಾಟ, ಇಪ್ಪತ್ತು ಕೇಳಿದರೆ ಒಂದು ಪದ. ನಮ್ಮ ಕನ್ನಡಕದವನು ಹೋದವನೇ ಗಾಜಿನ ಬಾಗಿಲಿನ, ಬಣ್ಣದ ದೀಪ ಮಿನುಗುವ ಒಂದು ಕಂಪ್ಯೂಟರ್ ಕ್ಯಾಬಿನೆಟ್ ನೋಡಿ ಅಲ್ಲೇ ಮರುಳಾದ. ಇದ್ದ ಹಣದಲ್ಲಿ ಕಾಲುಭಾಗ ಆ ದೀಪಗಳಿಗೇ ಹೋಯಿತು! ಹಾಗಾಗಿ ಉಳಿದದ್ದೆಲ್ಲ ಅಗ್ಗದ್ದೇ ಆಗಬೇಕಾಯಿತು. ರಿಯಾಯಿತಿಯ ಬುಟ್ಟಿಗೆ ಕೈ ಹಾಕಿ, ಪೆಟ್ಟಿಗೆಗಳನ್ನು ಒಂದೊಂದಾಗಿ ಎತ್ತಿ, ತೋಳು ಪೂರ್ತಿ ಚಾಚಿ ಹಿಡಿದು, ತಲೆ ಹಿಂದಕ್ಕೆ ವಾಲಿಸಿ, ಕಲಾವಿಮರ್ಶಕನ ಹಾಗೆ ನೋಡಿ ನೋಡಿ ಆರಿಸಿದ.

"ಓದಿ ತಗೊಳ್ಳಿ," ಎಂದಳು ಅಂಗಡಿಯಾಕೆ.

"ಓದಿದೆ ತಾಯಿ, ಓದಿದೆ! ಓದದೆ ತಗೊಳ್ಳೋನಲ್ಲ ನಾನು."

ಮನೆಗೆ ಬಂದು ಪೆಟ್ಟಿಗೆ ಬಿಚ್ಚಿದ. ಮೊದಲನೇ ವಿಘ್ನ ಅಲ್ಲೇ ಕಾದಿತ್ತು. ಪ್ರೊಸೆಸರ್ ಅನ್ನುವ ಪುಟ್ಟ ಚೌಕ ಮದರ್‌ಬೋರ್ಡ್ ಮೇಲಿನ ಗೂಡಿನಲ್ಲಿ ಕೂರಲೊಲ್ಲದು. ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ, ಮುದ್ದು ಮಾಡಿದ, ಗದರಿದ. ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳಲು ಮದರ್ ಸುತರಾಂ ಒಪ್ಪಲಿಲ್ಲ! ಎರಡನ್ನೂ ಹಿಡಿದು ಅಂಗಡಿಗೆ ಓಡಿದ.

ಆಕೆ ನೋಡಿದಳು. "ಕೂರಲ್ಲ."

"ಯಾಕೆ ಕೂರಲ್ಲ? ಗೂಡಿನ ನಂಬರು ಇದಕ್ಕೂ ಸಾವಿರದ ನೂರೈವತ್ತು, ಅದಕ್ಕೂ ಸಾವಿರದ ನೂರೈವತ್ತು!"

"ಇದು ಐವತ್ತಾರು."

"ಆರಾ? ಸೊನ್ನೆ ಅಲ್ವಾ? ಎಂಥಾ ಅಚ್ಚು ಹಾಕಿದ್ದಾರೆ ನೋಡಿ!"

ಆಕೆ ಏನೂ ನೋಡಲಿಲ್ಲ, ಪೆಟ್ಟಿಗೆ ಬದಲಿಸಿ ಕೊಟ್ಟಳು. ಅವನು ಮನೆಗೆ ಬಂದು ಈ ಅನ್ಯಾಯವನ್ನು ಹೆಂಡತಿಗೆ ವರದಿ ಮಾಡಿದ. "ಈಗಿನ ಕಾಲದ ಅಚ್ಚು ಪೂರ್ತಿ ಕೆಟ್ಟುಹೋಗಿದೆ ಕಣೇ. ಆರಕ್ಕೂ ಸೊನ್ನೆಗೂ ವ್ಯತ್ಯಾಸವೇ ಇಲ್ಲ."

ಮುದ್ರಣಾಲಯದವಳ ಹುಬ್ಬು ಗಂಟಾಯಿತು. ಅವಳನ್ನು ಬೈದರೆ ಸಹಿಸಿಯಾಳು, ಅಚ್ಚನ್ನು ಬೈದರೆ ಸಹಿಸಲಾರಳು. "ಪೆಟ್ಟಿಗೆ ಇಲ್ಲಿ ಕೊಡಿ, ನೋಡ್ತೀನಿ."

"ಅದನ್ನ ವಾಪಸ್ ಕೊಟ್ಟಾಯ್ತು!" ಎಂದು ಅವನು ವಿಜಯದ ನಗೆ ನಕ್ಕ.

ಮರುದಿನ ಗ್ರಾಫಿಕ್ಸ್ ಕಾರ್ಡಿನ ಸರದಿ. ಆಟದ ಸಮುದ್ರ, ಅಲೆ, ಕಡಲ್ಗಳ್ಳರ ಗಡ್ಡ ಎಲ್ಲವನ್ನೂ ಪರದೆಯ ಮೇಲೆ ಮೂಡಿಸುವ ಕಾರ್ಡು ಅದು. ಕ್ಯಾಬಿನೆಟ್ಟಿನೊಳಗೆ ಇಪ್ಪತ್ತೈದು ಸೆಂಟಿಮೀಟರ್ ಜಾಗ, ಕಾರ್ಡಿನ ಉದ್ದ ಇಪ್ಪತ್ಮೂರು. ಲೆಕ್ಕ ಪಕ್ಕಾ! ಆದರೆ ಕಾರ್ಡನ್ನು ಒಳಗಿಟ್ಟರೆ ಅದು ಚಿಕ್ಕ ಮಂಚದಲ್ಲಿ ಮಲಗಿದ ಉದ್ದನೆಯ ನೆಂಟನ ಹಾಗೆ ಕಾಲು ಹೊರಗೆ ಚಾಚಿತು. ಗಾಜಿನ ಬಾಗಿಲು ಮುಚ್ಚಲಿಲ್ಲ. ಅವನು ಒಂದು ಕ್ಷಣ ಗರಗಸದ ಕಡೆ ನೋಡಿ, ಅದನ್ನು ಕೈಗೆತ್ತಿಕೊಂಡ.

"ಏನ್ರೀ ಅದು ಕೈಯಲ್ಲಿ?" ಎಂದು ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು.

"ಏನಿಲ್ಲ, ಧೂಳು ಒರೆಸ್ತಾ ಇದ್ದೆ!"

ಅಂಗಡಿಯಾಕೆ ಅವನನ್ನು ಬಾಗಿಲಲ್ಲೇ ಕಂಡು, ಕಾರ್ಡು ಹೊರಬರುವ ಮುಂಚೆಯೇ ತೀರ್ಪು ಕೊಟ್ಟಳು. "ಕೂರಲ್ಲ."

"ಇಪ್ಪತ್ಮೂರು ಸೆಂಟಿಮೀಟರ್ ಅಂತ ಬರೆದು..."

"ಇಪ್ಪತ್ತೆಂಟು."

"ಮತ್ತೆ ಅದೇ ಅಚ್ಚಿನ ಸಮಸ್ಯೆ!"

ಗಿಡ್ಡನೆಯ ಕಾರ್ಡು ಬಂತು. ಇನ್ನೇನೂ ತಕರಾರಿಲ್ಲ. ಭಾನುವಾರ ಮಧ್ಯಾಹ್ನ, ಊಟ ಮುಗಿದ ಮೇಲೆ, ಮಹಾಕಾರ್ಯ ಶುರುವಾಯಿತು. ಒಂದು ಮಾತು ಹೇಳಲೇಬೇಕು, ಆ ಮನುಷ್ಯನ ಕೈಗೆ ಕೆಲಸ ಗೊತ್ತಿತ್ತು. ಸ್ಕ್ರೂಗಳನ್ನು ಅವನು ಕಣ್ಣು ಮುಚ್ಚಿಕೊಂಡೇ ತಿರುಗಿಸಬಲ್ಲವನಾಗಿದ್ದ. ತಂತಿಗಳನ್ನು ಜಡೆ ಹೆಣೆದಂತೆ ಹೆಣೆದು ಹಿಂದಕ್ಕೆ ಸರಿಸಿದ. ಹೆಂಡತಿ ಕೂಡ ಬಾಗಿ ನೋಡಿ, "ಕೆಲಸ ಅಚ್ಚುಕಟ್ಟಾಗಿದೆ ರೀ," ಎಂದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಆಕೆ ತಿದ್ದುಪಡಿಯಿಲ್ಲದೆ ಹೊರಡಿಸಿದ ಮೂರನೆಯ ಪ್ರಶಂಸೆ ಅದು. ಅವನ ಎದೆ ಅಂಗಿಯ ಗುಂಡಿಗಳನ್ನು ಪರೀಕ್ಷಿಸಿತು.

"ಕರೆಂಟ್ ಕೊಡೋ ಪೆಟ್ಟಿಗೆ ಯಾವುದು ಹಾಕಿದ್ರಿ?"

"ಎಂಟುನೂರೈವತ್ತು ವಾಟ್! ಬುಟ್ಟಿಯ ತಳದಲ್ಲಿ ಬಿದ್ದಿತ್ತು, ಚಿಲ್ಲರೆ ಬೆಲೆಗೆ. ಅಂಗಡಿಯವಳಿಗೇ ಅದರ ಬೆಲೆ ಗೊತ್ತಿಲ್ಲ, ಪಾಪ. ನಾನೂ ಬಾಯಿ ಬಿಡಲಿಲ್ಲ!"

ಗುಂಡಿ ಒತ್ತಿದ. ಫ್ಯಾನು ತಿರುಗಿತು, ದೀಪಗಳು ಕೆಂಪು, ನೀಲಿ, ಹಸಿರು ಅಂತ ಕುಣಿದವು. ಗಂಡಹೆಂಡಿರು ಅಕ್ಕಪಕ್ಕ ಕೂತು ಕೋಟೆ ಹೊಕ್ಕರು. ಅವನ ಪರದೆಯಲ್ಲಿ ಸಮುದ್ರ ನಿಜವಾಗಿಯೂ ಅಲೆಅಲೆಯಾಗಿ ಉಕ್ಕಿತು. ಕಡಲ್ಗಳ್ಳರ ಹಡಗುಗಳು ಕಾಣಿಸಿದವು.

"ಬಂದ್ರು ಬಂದ್ರು! ನೀನು ಬಾಗಿಲು ಕಾಯಿ, ನಾನು ಫಿರಂಗಿ ನೋಡ್ಕೋತೀನಿ!"

"ಹಾರಿಸ್ರೀ!"

"ಹಾರಿಸಿದೆ ನೋಡು!"

ಫಿರಂಗಿ ಹಾರುವ ಮುಂಚೆ ಕಂಪ್ಯೂಟರೇ ಹಾರಿಹೋಯಿತು. ಟಪ್! ಕತ್ತಲೆ. ದೀಪವಿಲ್ಲ, ಸಮುದ್ರವಿಲ್ಲ, ಫ್ಯಾನಿನ ಉಸಿರಿಲ್ಲ. ಮತ್ತೆ ಒತ್ತಿದ, ಮತ್ತೆ ಬಂತು. ಮತ್ತೆ ಫಿರಂಗಿ, ಮತ್ತೆ ಟಪ್! ಐದು ಸಲ ಹೀಗಾಯಿತು. ಅಷ್ಟರಲ್ಲಿ ಮುದಿ ಯಂತ್ರದ ಪರದೆಯಲ್ಲಿ ಕಡಲ್ಗಳ್ಳರು ನಿಧಾನವಾಗಿ, ಒಬ್ಬೊಬ್ಬರಾಗಿ, ಕೋಟೆಯ ಗೋಡೆ ಹತ್ತಿ ಅವನ ಫಿರಂಗಿಯನ್ನೇ ಹೊತ್ತುಕೊಂಡು ಹೋದರು.

ಅವನು ಮನೆಯ ವೈರಿಂಗನ್ನು ಬೈದ. ವಿದ್ಯುತ್ ಇಲಾಖೆಯನ್ನು ಬೈದ. ಹೆಂಡತಿ ಬೆಳಿಗ್ಗೆ ಇಸ್ತ್ರಿ ಮಾಡಿದ್ದನ್ನು ನೆನಪಿಸಿಕೊಂಡು ಅದನ್ನೂ ಬೈದ.

"ಆಯ್ತಾ ಬೈದು? ಏಳಿ. ಈಗ ನಾನೂ ಬರ್ತೀನಿ," ಎಂದಳು ಆಕೆ.

ಕಂಪ್ಯೂಟರನ್ನು ಎತ್ತಿಕೊಂಡು ಹೋಗುವಷ್ಟು ತೋಳಬಲ ಇಬ್ಬರಿಗೂ ಇರಲಿಲ್ಲ. ಮನೆಯ ಕೆಳಗೇ ಇದ್ದ ಅವನ ಅಂಗಡಿಯಿಂದ ಗಿರಾಕಿಗಳನ್ನು ಕೂರಿಸುವ ಚಕ್ರದ ಕುರ್ಚಿ ತಂದು, ಅದರ ಮೇಲೆ ಕ್ಯಾಬಿನೆಟ್ ಇಟ್ಟು, ಬಿಸಿಲು ತಾಗದಿರಲೆಂದು ಹೊದಿಕೆ ಹೊದಿಸಿ, ಬೆಲ್ಟು ಬಿಗಿದು, ಬೀದಿಯಲ್ಲಿ ತಳ್ಳಿಕೊಂಡು ಹೊರಟರು. ಎದುರು ಸಿಕ್ಕ ಬೇಕರಿಯವನು ದೂರದಿಂದಲೇ ಗಾಬರಿಯಾಗಿ ಓಡಿಬಂದ.

"ಅಯ್ಯೋ, ಯಾರಿಗೆ ಹುಷಾರಿಲ್ಲ?"

"ಇನ್ನೂ ಗೊತ್ತಾಗಿಲ್ಲ. ಒಂದೋ ಇದಕ್ಕೆ, ಇಲ್ಲಾ ಇವರಿಗೆ," ಎಂದಳು ಹೆಂಡತಿ.

ಅಂಗಡಿಯಾಕೆ ಗಾಜಿನ ಬಾಗಿಲು ತೆಗೆದು ಒಳಗೆ ಇಣುಕಿದಳು. ಅಪರೂಪಕ್ಕೆ ಒಂದು ಪೂರ್ತಿ ವಾಕ್ಯ ಹೊರಬಂತು. "ಇಷ್ಟು ಕರೆಂಟ್ ತಿನ್ನೋ ಕಾರ್ಡಿಗೆ ಮುನ್ನೂರೈವತ್ತು ವಾಟ್ ಯಾಕೆ ಹಾಕಿದ್ರಿ?"

"ಮುನ್ನೂರಾ? ಎಂಟುನೂರೈವತ್ತು! ಇಲ್ಲೇ ಬರೆದಿದೆ ನೋಡಿ, ದಪ್ಪಕ್ಷರದಲ್ಲಿ!"

ಆಕೆ ತನ್ನ ಮೂಗಿನ ಮೇಲಿದ್ದ ಕನ್ನಡಕ ತೆಗೆದು ಅವನ ಮುಂದೆ ಹಿಡಿದಳು. "ಹಾಕ್ಕೊಂಡು ಓದಿ. ನೀವೇ ಮಾರಿದ್ದು."

ಅವನು ಎರಡು ಹೆಜ್ಜೆ ಹಿಂದೆ ಸರಿದ. "ಛೆ ಛೆ! ಒಬ್ಬರ ಕನ್ನಡಕ ಇನ್ನೊಬ್ಬರು ಹಾಕ್ಕೋಬಾರದು. ನನ್ನ ವೃತ್ತಿಧರ್ಮ ಅದು! ಅಲ್ದೆ ನನ್ನ ಕಣ್ಣಿಗೇನಾಗಿದೆ? ಬೀದಿ ಕೊನೇಲಿ ಬರೋ ಬಸ್ಸಿನ ನಂಬರು ಇಲ್ಲಿಂದಲೇ ಹೇಳಲಾ?"

"ಬಸ್ಸನ್ನ ಕಂಪ್ಯೂಟರ್ ಒಳಗೆ ಕೂರಿಸಬೇಕಾಗಿರಲಿಲ್ಲ," ಎಂದು ಹೆಂಡತಿ ಬಾಗಿ ಪೆಟ್ಟಿಗೆಗೆ ಅಂಟಿಸಿದ್ದ ಚೀಟಿ ಓದಿದಳು. "ಮೂರು. ಐದು. ಸೊನ್ನೆ. ಅಚ್ಚು ಮುತ್ತಿನ ಹಾಗಿದೆ ರೀ."

ಅಂಗಡಿಯಾಕೆ ಸರಿಯಾದ ಪೆಟ್ಟಿಗೆ ತಂದು ಹಾಕಿಕೊಟ್ಟಳು. ಅಲ್ಲೇ ಮೇಜಿನ ಮೇಲೆ ಕಂಪ್ಯೂಟರ್ ಕಾಲು ಗಂಟೆ ಕಮಕ್ ಕಿಮಕ್ ಅನ್ನದೆ ಓಡಿತು. ಕನ್ನಡಕದವನು ಗೆದ್ದೆ ಅಂದುಕೊಂಡ. ಆದರೆ ಹೆಂಡತಿ ಕುರ್ಚಿಯನ್ನು ಮನೆಯ ಬಾಗಿಲಿಗೆ ತಳ್ಳಲಿಲ್ಲ. ನೇರವಾಗಿ ಅವನ ಅಂಗಡಿಯೊಳಕ್ಕೆ ತಳ್ಳಿ, ಕಂಪ್ಯೂಟರನ್ನು ಇಬ್ಬರೂ ಸೇರಿ ಕೆಳಗಿಳಿಸಿದ ಮೇಲೆ, ಖಾಲಿ ಕುರ್ಚಿ ತೋರಿಸಿದಳು.

"ಕೂತ್ಕೊಳ್ಳಿ. ಕಣ್ಣು ಪರೀಕ್ಷೆ."

"ನನಗಾ? ನನ್ನ ಅಂಗಡೀಲಿ? ನಗೆಪಾಟಲು!"

"ಹೌದು. ಕೂತ್ಕೊಳ್ಳಿ."

ಕೂತ. ಹತ್ತಿರದ ದೃಷ್ಟಿ ಪರೀಕ್ಷಿಸುವ ಕಾರ್ಡನ್ನು ಆಕೆ ಅವನ ಕೈಗೆ ಕೊಟ್ಟಳು. ಅವನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಗಡಗಡ ಓದಿದ. ಓದುವ ರಭಸಕ್ಕೆ ಆಕೆಗೇ ಅನುಮಾನ ಬಂದು, ನಡುವೆ ಕಾರ್ಡಿನ ಮೇಲೆ ಅಂಗೈ ಇಟ್ಟಳು. ಅವನು ನಿಲ್ಲಿಸಲಿಲ್ಲ. ಆ ಕೈಯನ್ನೇ ನೋಡುತ್ತಾ ಇನ್ನೂ ನಾಲ್ಕು ಸಾಲು ಓದಿಬಿಟ್ಟ!

"ರೀ, ನನ್ನ ಕೈಮೇಲೆ ಅದೆಲ್ಲ ಬರೆದಿದೆಯಾ?"

ಹದಿನೆಂಟು ವರ್ಷದಿಂದ ಅದೇ ಕಾರ್ಡನ್ನು ಗಿರಾಕಿಗಳಿಗೆ ಹಿಡಿದವನು. ನಿದ್ದೆಯಲ್ಲಿ ಎಬ್ಬಿಸಿದರೂ ಒಪ್ಪಿಸುತ್ತಿದ್ದ. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಸುಧಾರಿಸಿಕೊಂಡು, ಮೇಜಿನ ಮೇಲಿದ್ದ ಚೀಟಿ ಪುಸ್ತಕ ಎಳೆದುಕೊಂಡು, ಅವನಿಗೆ ಬೆನ್ನು ಮಾಡಿ, ತನ್ನ ಕೈಯಾರೆ ನಾಲ್ಕು ಸಾಲು ಬರೆದಳು. ಪುಟದ ಅಂಚಿನಲ್ಲಿ ತಿದ್ದುಪಡಿ ತುರುಕಿ ಪಳಗಿದ ಕೈ ಅದು. ಸಾಲಿನಿಂದ ಸಾಲಿಗೆ ಅಕ್ಷರ ಸಣ್ಣದಾಗುತ್ತಾ ಹೋಯಿತು.

"ಈಗ ಓದಿ."

"'ನಾನು ಕನ್ನಡಕದ ಅಂಗಡಿಯವನು.' ನೋಡಿದೆಯಾ? 'ನನ್ನ ಕಣ್ಣು ಹದ್ದಿನ ಕಣ್ಣು.' ಸತ್ಯ!" ಮೂರನೇ ಸಾಲಿಗೆ ಅವನ ತೋಳು ಪೂರ್ತಿ ಚಾಚಿತು, ಬೆನ್ನು ಕುರ್ಚಿಯ ಬೆನ್ನಿಗೆ ಅಂಟಿತು. "'ನನಗೆ ಯಾರ... ನೆರವೂ... ಬೇಡ.' ಬರೀ ನಿಜವನ್ನೇ ಬರೆದಿದ್ದೀಯ!"

"ನಾಲ್ಕನೇದು?"

ನಾಲ್ಕನೇ ಸಾಲಿನಲ್ಲಿ ಅವನಿಗೆ ಕಂಡದ್ದು ಇರುವೆಗಳ ಮೆರವಣಿಗೆ. ತೋಳು ಇನ್ನೂ ಉದ್ದವಾಗುವ ಹಾಗಿರಲಿಲ್ಲ. ಆದರೂ ಸೋಲೊಪ್ಪುವ ಗಂಡೇ ಅವನು?

"ಓದಿದೆ."

"ಗಟ್ಟಿಯಾಗಿ ಓದಿ."

"ಮನಸ್ಸಲ್ಲೇ ಓದಿದೆ. ತುಂಬ ಚೆನ್ನಾಗಿ ಬರೆದಿದ್ದೀಯ."

"ಬರೆದಿದ್ದು ನಿಮಗೆ ಒಪ್ಪಿಗೆನಾ?"

"ನೂರಕ್ಕೆ ನೂರು!"

"ಹಾಗಾದ್ರೆ ಕೆಳಗೆ ಸಹಿ ಹಾಕಿ."

ಹಾಕಿದ! ಬಾಲ ಸುತ್ತಿಸಿ, ಎರಡು ಚುಕ್ಕೆ ಇಟ್ಟು, ಅಡಿಗೆರೆ ಎಳೆದು, ದೊಡ್ಡ ಒಡಂಬಡಿಕೆಗೆ ಹಾಕುವ ಠೀವಿಯಲ್ಲಿ ಹಾಕಿದ. ಹೆಂಡತಿ ಕಪಾಟಿನಿಂದ ಓದುವ ಕನ್ನಡಕ ಒಂದನ್ನು ತೆಗೆದು ಅವನ ಮೂಗಿನ ಮೇಲೆ ಮೆಲ್ಲನೆ ಇಟ್ಟಳು. ಇರುವೆಗಳು ಒಮ್ಮೆಲೇ ಸಾಲಾಗಿ ನಿಂತು ಅಕ್ಷರಗಳಾದವು.

'ಹೊಸ ಕಂಪ್ಯೂಟರ್ ನನ್ನ ಹೆಂಡತಿಯದು. ನಾನು ಹಳೆಯದರಲ್ಲಿ ಸಂತೋಷವಾಗಿ ಆಡುತ್ತೇನೆ.'

ಅವನು ಎರಡು ಸಲ ಓದಿದ. ಚೀಟಿಯನ್ನು ಹತ್ತಿರ ಹಿಡಿದು ಮೂರನೇ ಸಲ ಓದಿದ. ಎಷ್ಟು ಹತ್ತಿರ ಹಿಡಿದರೂ ಅಕ್ಷರ ಅಲುಗಲಿಲ್ಲ. ಕೊನೆಗೆ ಕನ್ನಡಕದ ಮೇಲಿನಿಂದ ಹೆಂಡತಿಯನ್ನು ನೋಡಿ, ತೀರಾ ಸಣ್ಣ ದನಿಯಲ್ಲಿ ಕೇಳಿದ.

"ಇದರಲ್ಲಿ 'ಸಂತೋಷವಾಗಿ' ಅನ್ನೋ ಪದ ಒಂದನ್ನ ತೆಗೀಬಹುದಾ?"

"ಸಹಿ ಆದ್ಮೇಲೆ ತಿದ್ದುಪಡಿ ಇಲ್ಲ," ಎಂದಳು ಹೆಂಡತಿ. "ಏಳಿ, ಆ ಕಡೆ ಹಿಡೀರಿ. ನನ್ನ ಕಂಪ್ಯೂಟರ್ ಮೇಲಕ್ಕೆ ಹೊರಬೇಕು."