ಮಂತ್ರಿಯ ಒಳಕಿಸೆ

2001ರಲ್ಲಿ ನಾನು ಒಂಬತ್ತನೇ ಇಯತ್ತೆಗೆ ಕೈಮುಗಿದು ಶಾಲೆ ಬಿಟ್ಟೆ. ಹಾಗೆಂದು ನನ್ನನ್ನು ಓದದವನು ಎನ್ನಬೇಡಿ! ಬ್ಯಾಡಗಿಯ ಹೊಲಿಗೆ ಅಂಗಡಿಯಲ್ಲಿ ಕುಳಿತೇ ಏಳು ವರ್ಷ ಪಶ್ಚಿಮ ಆಫ್ರಿಕದ ರಾಜಕೀಯ ಕಲಿತವನು ನಾನು. ಗುರು ನನ್ನ ಸೋದರಮಾವ, ಟೇಲರ್. ಅಲ್ಲಿಯ ಒಂದು ದೇಶದಲ್ಲಿ ಸಿಂಧಿ ಸಾಹುಕಾರನ ಬಟ್ಟೆ ಅಂಗಡಿಯಲ್ಲಿ ಬಹಳ ವರ್ಷ ಹೊಲಿದು ಬಂದವನು. ಪರದೇಶದಿಂದ ಜನ ರೇಡಿಯೊ, ಗಡಿಯಾರ ತರುತ್ತಾರೆ. ನಮ್ಮ ಮಾವ ಒಬ್ಬ ಮಂತ್ರಿಯನ್ನೇ ತಂದಿದ್ದ, ಬಾಯಲ್ಲಿ!

ಆ ಮಂತ್ರಿ ಮೊದಲು ಶಾಲಾ ಮಾಸ್ತರ. ಫೌಜಿನವರು ಸರಕಾರ ಕಸಿದುಕೊಂಡ ಮೇಲೆ, ಶಿಕ್ಷಣ ಖಾತೆಗೆ ಓದಿದವನೊಬ್ಬ ಬೇಕೆಂದು ಅವರನ್ನು ಕರೆದು ಕೂರಿಸಿದರಂತೆ. ಸಭೆಯಲ್ಲಿ ಉಳಿದವರೆಲ್ಲ ಬೂಟಿನವರು, ಉದ್ದ ನಿಲುವಂಗಿ ಇವರೊಬ್ಬರದೇ. ಒಬ್ಬ ಜನರಲ್‌ನನ್ನು ಇನ್ನೊಬ್ಬ ಇಳಿಸಿದ, ಅವನನ್ನು ಮತ್ತೊಬ್ಬ. ಮಂತ್ರಿ ಮಾತ್ರ ಅದೇ ಕುರ್ಚಿಯಲ್ಲಿ! ಗುಟ್ಟೇನು? ನಿಲುವಂಗಿಯ ಒಳಗೆ, ಎದೆಗೆ ತಾಗುವಂತೆ ಮಾವ ಹೊಲಿದುಕೊಟ್ಟ ಕಿಸೆ. ಅದರಲ್ಲಿ ಸದಾ ಸಹಿ ಮಾಡಿದ ರಾಜೀನಾಮೆ ಪತ್ರ.

"ಪತ್ರ ಕಿಸೆದಾಗ ಇದ್ರ ಕುರ್ಚಿ ಅಂಜಸೂದಿಲ್ಲೋ ಅಳಿಯಾ" ಎನ್ನುತ್ತಿದ್ದ ಮಾವ.

ಅಷ್ಟು ಅಂದು ಬಿಟ್ಟಿದ್ದರೆ ಸಾಕಿತ್ತು. ಬ್ಯಾಡಗಿಯ ಸಕಲ ಅಂಗಿಗಳಿಗೂ ಅವನು ಒಳಕಿಸೆ ಹೊಲಿಯತೊಡಗಿದ, ಕೇಳಿದವರಿಗೂ ಕೇಳದವರಿಗೂ! ಮೋಟೆಬೆನ್ನೂರಿನಿಂದ ಹೊಸದಾಗಿ ಆರಿಸಿಬಂದ ಪಂಚಾಯ್ತಿ ಸದಸ್ಯರೊಬ್ಬರು ಬಿಳಿ ಅಂಗಿ ತೊಟ್ಟು ತಡವಿಕೊಂಡರು.

"ಇದೇನ್ರಿ ಟೇಲರ, ಒಳಗೊಂದು ಕಿಸೆ?"

"ರಾಜೀನಾಮೆ ಇಡಾಕ್ರಿ."

"ಆರಿಸಿ ಬಂದು ಎರಡು ದಿನಾ ಆಗಿಲ್ಲ, ಬಾಯಿಗೆ ಬಂದಂಗ ಅಂತೀರಲ್ರಿ! ಮೊದಲ ಬಿಚ್ರಿ ಅದನ್ನ!"

ಹಾವೇರಿಯ ಮದುಮಗನೊಬ್ಬನಿಗೂ ಇದೇ ಉತ್ತರ ಕೊಟ್ಟ. ಹುಡುಗನ ಅವ್ವ ನಮ್ಮ ಕತ್ತರಿಯನ್ನೇ ಕೈಗೆತ್ತಿಕೊಂಡಿದ್ದಳು!

ಒಮ್ಮೆ ನಾನು ಕೆಣಕಿದೆ: "ಮಾವಾ, ಖರೇನ ಅಂಥಾ ಮಂತ್ರಿ ಇದ್ನೋ, ನೀನ ಹೊಲದಿಯೋ?"

ಮಾವ ಮಷಿನ್ ನಿಲ್ಲಿಸಿದ. ವಿದ್ಯಾರ್ಥಿಗಳು ಗಲಾಟೆ ಮಾಡಿದರೆಂದು ಕಾಲೇಜು ಮುಚ್ಚುವ ಆಜ್ಞೆಗೆ ಸಹಿ ಹಾಕಲು ಜನರಲ್ ಹೇಳಿದನಂತೆ. ಮಂತ್ರಿ ಎದೆಯೊಳಗೆ ಕೈಹಾಕಿದರು. ಬಂದೂಕಿನವರೆಲ್ಲ ಗಾಬರಿ! ಹೊರಬಂದದ್ದು ಪತ್ರ. ಮರುದಿನದಿಂದ ಅವರು ಮನೆಯಲ್ಲೇ ಬಂಧಿ. ತಿಂಗಳುಗಳ ಮೇಲೆ ಹೊಸ ಅಂಗಿಗೆಂದು ಮಾವನನ್ನು ಒಳಗೆ ಬಿಟ್ಟರು.

"ಟೇಪ್ ಹಿಡದೆ. ಸೊಂಟ ನಾಲ್ಕು ಇಂಚು ಇಳದಿತ್ತು. ಎದಿ ಮಾತ್ರ ಅಷ್ಟ ಇತ್ತು ನೋಡು!"

ಆಮೇಲೆ ನಾನು ಕೆಣಕಲಿಲ್ಲ.

ಏಳು ವರ್ಷದಲ್ಲಿ ಕೆಲಸ ಕೈಗೆ ಹತ್ತಿತು. ಕಾಲರ್ ಕೂರಿಸುವುದರಲ್ಲಿ ಊರಲ್ಲಿ ನನಗೆ ಸಮನಿಲ್ಲ. ಇದು ನನ್ನ ಮಾತಲ್ಲ, ನಾನಿಲ್ಲದಾಗ ಮಾವ ಗಿರಾಕಿಗಳಿಗೆ ಹೇಳಿದ್ದು. 2008ರಲ್ಲಿ ರಾಣೆಬೆನ್ನೂರಿನಲ್ಲಿ ಒಂದು ಅಂಗಡಿ ಖಾಲಿಯಾಯಿತು. ನನ್ನ ಸ್ವಂತದ್ದೊಂದು ಬೇಕೆಂಬ ಆಸೆ ಬಹಳ ದಿನದ್ದು. ಆದರೆ ಮಕ್ಕಳಿಲ್ಲದ ಮಾವನ ಮುಂದೆ ನಿಂತು "ಬಿಟ್ಟು ಹೋಗ್ತೇನಿ" ಎನ್ನುವ ಬಾಯಿ ಯಾರಿಗಿದೆ? ರಾಜೀನಾಮೆಯೆಂದು ನಾಲ್ಕು ಸಾಲು ಬರೆದು ನನ್ನ ಅಂಗಿಯ ಒಳಕಿಸೆಯಲ್ಲಿಟ್ಟೆ. ಅಂಗಿ ಬದಲಿಸಿದಾಗೆಲ್ಲ ಪತ್ರವೂ ಹೊಸ ಅಂಗಿಯ ಕಿಸೆಗೆ ಹೋಗುತ್ತಿತ್ತು. ಎರಡು ತಿಂಗಳು ಹೀಗೇ ಹೋಯಿತು. ರಾಣೆಬೆನ್ನೂರಿನ ಅಂಗಡಿಯ ಮಾಲೀಕ ಸೋಮವಾರದ ಗಡುವು ಹೇಳಿದ. ಆ ಮಂತ್ರಿಯ ಎದೆ ನನಗೆಲ್ಲಿಂದ ಬರಬೇಕು!

ಶನಿವಾರ ಮಾವನೇ ಅಂದ: "ಗುಂಡಿ ಜೋತಾಡಾಕತ್ತೈತಿ, ಬಿಚ್ಚ ಅಂಗಿ."

ಮರೆತು ಬಿಚ್ಚಿಕೊಟ್ಟೆ. ನೆನಪಾದಾಗ ಮಾವ ನನಗೆ ಬೆನ್ನು ಮಾಡಿ ಕುಳಿತಿದ್ದ. ಒಂದು ಗುಂಡಿಗೆ ಅಷ್ಟು ಹೊತ್ತು ಅವನು ಎಂದೂ ತೆಗೆದುಕೊಂಡವನಲ್ಲ. ಕೊನೆಗೆ ಅಂಗಿ ಮಡಚಿ ಕೈಗಿಟ್ಟ. ಒಳಕಿಸೆ ಉಬ್ಬಿತ್ತು. ಪತ್ರವಿರಲಿಲ್ಲ. ಅದರ ಜಾಗದಲ್ಲಿ, ಪರದೇಶದಿಂದ ತಂದ, ಯಾರಿಗೂ ಮುಟ್ಟಲು ಕೊಡದ ಅವನ ಹಳೆಯ ಅಳತೆ ಟೇಪು, ಸುರುಳಿ ಸುತ್ತಿ.

"ರಾಜೀನಾಮೆ ಮಂಜೂರಾತು" ಎಂದ ಮಾವ, ಸೂಜಿಗೆ ದಾರ ಹಾಕುವ ನೆಪದಲ್ಲಿ ಕಣ್ಣು ಕಿರಿದು ಮಾಡಿ. "ಹೋಗು. ಅಳತಿ ಮಾತ್ರ ಕಡಿಮಿ ಹಿಡೀಬ್ಯಾಡ."

ಈಗ ನನ್ನ ಬಳಿ ಒಂದು ಅಂಗಡಿ, ಮೂರು ಮಷಿನ್, ಇಬ್ಬರು ಕೆಲಸಗಾರರು, ಪ್ರತಿ ಭಾನುವಾರ ಬಂದು ನನ್ನ ಕಾಲರ್ ತಿದ್ದುವ ಒಬ್ಬ ಮಾವ, ಮತ್ತು ಮೊದಲ ಮೂರು ಅಂಕಿ ಅಳಿಸಿಹೋದ ಒಂದು ಟೇಪು.